ಟೆನಿಸ್ ಆಡದವರ ಟೆನಿಸ್ ಎಲ್ಬೋ: ಒಂದು ಮೊಣಕೈ ನೋವಿನ 150 ವರ್ಷಗಳ ಕಥೆ

ಅಡಿಕೆ ಸುಲಿಯುವವರು, ಗಾರೆ ಕೆಲಸದವರು, ಬಡಗಿಗಳು, ದಿನಕ್ಕೆರಡು ಹೊತ್ತು ಹಾಲು ಕರೆಯುವವರು, ಹೋಟೆಲಿನಲ್ಲಿ ಚಪಾತಿ ಲಟ್ಟಿಸುವವರು. ಇವರಲ್ಲಿ ಅನೇಕರಿಗೆ ಒಂದಲ್ಲ ಒಂದು ದಿನ ಈ ನೋವು ಬರುತ್ತದೆ. ಮೊಣಕೈಯ ಹೊರಬದಿಯ ಮೂಳೆಯ ಮೇಲೆ ಬೆರಳಿಟ್ಟರೆ ಜೀವ ಹೋದಂತಾಗುತ್ತದೆ. ತುಂಬಿದ ಚೊಂಬು ಎತ್ತಲು ಆಗುವುದಿಲ್ಲ, ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ. ನಾವು "ನರ ಹಿಡಿದಿದೆ" ಎನ್ನುತ್ತೇವೆ. ಡಾಕ್ಟರು ಚೀಟಿಯಲ್ಲಿ "ಟೆನಿಸ್ ಎಲ್ಬೋ" ಎಂದು ಬರೆಯುತ್ತಾರೆ.

ಟೆನಿಸ್ ಬ್ಯಾಟನ್ನೇ ಮುಟ್ಟದವರಿಗೆ ಈ ಹೆಸರಿನ ರೋಗ ಹೇಗೆ ಬಂತು? ಅದಕ್ಕೆ ಕೊಡುವ ಇಂಜೆಕ್ಷನ್, ಪಟ್ಟಿ, ವ್ಯಾಯಾಮಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ? ಇದರ ಇತಿಹಾಸ ತಿಳಿದರೆ ನಮ್ಮ ದುಡ್ಡೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.

ಮೊದಲು ಬರೆಯುವವರ ಕಾಯಿಲೆ

ಈ ನೋವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವಿವರಿಸಿದವರು ಜರ್ಮನಿಯ ವೈದ್ಯ ರುಂಗೆ, 1873ರಲ್ಲಿ. ಅವರು ಬರೆದದ್ದು ಆಟಗಾರರ ಬಗ್ಗೆ ಅಲ್ಲ. ಬರೆದು ಬರೆದು ಕೈ ಸೋತವರ ಬಗ್ಗೆ. ಅಂದರೆ ಶುರುವಿನಿಂದಲೇ ಇದು ದುಡಿಯುವ ಕೈಯ ನೋವು.

ಮರುವರ್ಷ, 1874ರಲ್ಲಿ, ಇಂಗ್ಲೆಂಡಿನಲ್ಲಿ ವಿಂಗ್‌ಫೀಲ್ಡ್ ಎಂಬ ಮೇಜರ್ ಲಾನ್ ಟೆನಿಸ್ ಆಟಕ್ಕೆ ಪೇಟೆಂಟ್ ಪಡೆದರು. 1877ರಲ್ಲಿ ವಿಂಬಲ್ಡನ್ ಪಂದ್ಯಾವಳಿ ಶುರುವಾಯಿತು. ಸಿರಿವಂತರ ಮನೆಯಂಗಳದಲ್ಲೆಲ್ಲ ಟೆನಿಸ್ ಹುಚ್ಚು. 1882ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ "ಲಾನ್ ಟೆನಿಸ್ ತೋಳು" ಎಂಬ ಮಾತು ಬಂತು. 1883ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ "ಲಾನ್ ಟೆನಿಸ್ ಎಲ್ಬೋ" ಎಂಬ ಹೆಸರೇ ಅಚ್ಚಾಯಿತು. ಡಾಕ್ಟರ ಹತ್ತಿರ ಹೋಗುತ್ತಿದ್ದವರು ಆಟವಾಡುವ ದೊಡ್ಡ ಮನುಷ್ಯರು. ಹೆಸರು ಅವರದೇ ಉಳಿಯಿತು. ಬಡಗಿಯ ಕೈ, ಬಟ್ಟೆ ಒಗೆಯುವವಳ ಕೈ ಹೆಸರಿನಲ್ಲಿ ಸೇರಲಿಲ್ಲ.

ನಮ್ಮ ಮನೆಗಳಿಗೆ ಈ ಹೆಸರು ಬಂದದ್ದು ಕ್ರಿಕೆಟ್ ಮೂಲಕ. 2004ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ನಡೆದಾಗ ಸಚಿನ್ ತೆಂಡೂಲ್ಕರ್ ಆಡಲಿಲ್ಲ. ಕಾರಣ ಟೆನಿಸ್ ಎಲ್ಬೋ. ಮರುವರ್ಷ ಲಂಡನ್ನಿನಲ್ಲಿ ಅವರಿಗೆ ಆಪರೇಷನ್ ಆಯಿತು. ಆದರೆ ಆಪರೇಷನ್ ಬೇಕಾಗುವುದು ತೀರಾ ಕೆಲವರಿಗೆ ಮಾತ್ರ. ಉಳಿದವರ ದಾರಿ ಬೇರೆ.

ತಿರುಚುವುದು, ತಿಕ್ಕುವುದು

ಮುಂಗೈಯನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಮೂಳೆಗೆ ಒಂದು ಗಟ್ಟಿ ಹುರಿಯ ಮೂಲಕ ಅಂಟಿಕೊಂಡಿವೆ. ಮುಷ್ಟಿ ಹಿಡಿದಾಗಲೆಲ್ಲ ಆ ಹುರಿ ಎಳೆಯುತ್ತದೆ. ನೋವು ಇರುವುದು ಅಲ್ಲೇ.

1928ರಲ್ಲಿ ಇಂಗ್ಲೆಂಡಿನ ಮಿಲ್ಸ್ ಎಂಬ ಸರ್ಜನ್, ಮಣಿಕಟ್ಟನ್ನು ಮಡಚಿ ಹಿಡಿದು ಮೊಣಕೈಯನ್ನು ಒಮ್ಮೆಲೇ ನೇರ ಮಾಡುವ ವಿಧಾನ ಬರೆದರು. 1936ರಲ್ಲಿ ಲಂಡನ್ನಿನ ಜೇಮ್ಸ್ ಸಿರಿಯಾಕ್ಸ್ ದೊಡ್ಡ ಲೇಖನ ಪ್ರಕಟಿಸಿದರು. ಹುರಿಗೆ ಅಡ್ಡಲಾಗಿ ಬೆರಳಿನಿಂದ ಆಳವಾಗಿ ತಿಕ್ಕುವ ಚಿಕಿತ್ಸೆಗೆ ಇಂದಿಗೂ ಅವರದೇ ಹೆಸರು. ಏನೂ ಮಾಡದಿದ್ದರೂ ಹೆಚ್ಚಿನವರಿಗೆ ಸುಮಾರು ಒಂದು ವರ್ಷದೊಳಗೆ ತಾನಾಗಿ ವಾಸಿಯಾಗುತ್ತದೆ ಎಂಬುದೂ ಆ ಕಾಲದ ವೈದ್ಯರಿಗೆ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಜೆಕ್ಷನ್ ಬಂತು

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕೀಲುವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಇದೇ ಜಾತಿಯ ಔಷಧಗಳನ್ನು ನಾವು ಸ್ಟೀರಾಯ್ಡ್ ಎನ್ನುವುದು. 1950ರ ದಶಕದಿಂದ ಅವನ್ನು ಮೊಣಕೈಗೂ ಚುಚ್ಚತೊಡಗಿದರು. ಊತ ಇಳಿಸುವ ಔಷಧ, ನೋವಿರುವ ಜಾಗ, ಎರಡೂ ಸರಿಹೊಂದಿದಂತೆ ಕಂಡಿತು. ನೋವು ಕೆಲವೇ ದಿನಗಳಲ್ಲಿ ಮಾಯ! ಐವತ್ತು ವರ್ಷ ಇದೇ ಮುಖ್ಯ ಚಿಕಿತ್ಸೆಯಾಗಿತ್ತು.

ಆದರೆ 1979ರಲ್ಲಿ ಅಮೆರಿಕದ ನಿರ್ಶಲ್ ಮತ್ತು ಪೆಟ್ರೋನ್ ಎಂಬ ಸರ್ಜನ್‌ಗಳು ಆಪರೇಷನ್ನಿನಲ್ಲಿ ತೆಗೆದ ತುಣುಕುಗಳ ಬಗ್ಗೆ ವರದಿ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಉರಿಯೂತ ಅಲ್ಲ. ಹುರಿಯ ಎಳೆಗಳು ಸವೆದು, ಸರಿಯಾಗಿ ಕೂಡಿಕೊಳ್ಳದೆ ಅಸ್ತವ್ಯಸ್ತವಾಗಿ ಬೆಳೆದಿದ್ದವು. ಹಾಗಿದ್ದರೆ ಊತ ಇಳಿಸುವ ಇಂಜೆಕ್ಷನ್ ರೋಗದ ಮೂಲಕ್ಕೆ ತಾಗುತ್ತದೆಯೇ?

ಒಂದು ವರ್ಷ ಕಾದು ನೋಡಿದಾಗ

ಉತ್ತರ ಸಿಕ್ಕಿದ್ದು 2002ರಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ 185 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಸಲಹೆ ಕೊಟ್ಟು ಕಾಯುವುದು.

ಆರು ವಾರದ ನಂತರ ಗುಣವಾದವರು: ಇಂಜೆಕ್ಷನ್ ಗುಂಪಿನಲ್ಲಿ ಶೇ. 92, ಫಿಸಿಯೋಥೆರಪಿಯಲ್ಲಿ ಶೇ. 47, ಕಾದವರಲ್ಲಿ ಶೇ. 32.

ಒಂದು ವರ್ಷದ ನಂತರ: ಇಂಜೆಕ್ಷನ್ ಗುಂಪಿನಲ್ಲಿ ಶೇ. 69, ಫಿಸಿಯೋಥೆರಪಿಯಲ್ಲಿ ಶೇ. 91, ಕಾದವರಲ್ಲಿ ಶೇ. 83.

ಲೆಕ್ಕ ತಲೆಕೆಳಗಾಯಿತು. ಮೊದಲು ಗೆದ್ದ ಇಂಜೆಕ್ಷನ್ ಕೊನೆಯಲ್ಲಿ ಏನೂ ಮಾಡದಿದ್ದವರಿಗಿಂತ ಹಿಂದೆ ಬಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 198 ಜನರ ಮೇಲೆ ನಡೆದ ಅಧ್ಯಯನದಲ್ಲೂ ಹೀಗೇ ಆಯಿತು. ಇಂಜೆಕ್ಷನ್‌ನಿಂದ ಗುಣವಾದವರಲ್ಲಿ ಶೇ. 72 ಮಂದಿಗೆ ನೋವು ಮರುಕಳಿಸಿತು. 2013ರಲ್ಲಿ ಅಲ್ಲಿಯದೇ ತಂಡ 165 ಜನರಲ್ಲಿ ಸ್ಟೀರಾಯ್ಡನ್ನು ಬರೀ ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿತು. ಒಂದು ವರ್ಷದೊಳಗೆ ನೋವು ಮರಳಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 54, ಉಪ್ಪುನೀರು ಪಡೆದವರಲ್ಲಿ ಶೇ. 12.

ಉಳಿದ ದಾರಿಗಳು

*ಪಟ್ಟಿ:* ಮೊಣಕೈಗಿಂತ ಸ್ವಲ್ಪ ಕೆಳಗೆ ಕಟ್ಟುವ ಪಟ್ಟಿಯ ಬಗ್ಗೆ 1971ರಲ್ಲಿ ಅಮೆರಿಕದ ಫ್ರಾಯಿಮ್ಸನ್ ಬರೆದರು. ಕೆಲಸದ ವೇಳೆ ಹುರಿಯ ಮೇಲಿನ ಎಳೆತ ತಗ್ಗಿಸುವುದು ಇದರ ಉದ್ದೇಶ. ಕೆಲವರಿಗೆ ಆರಾಮ ಕೊಡುತ್ತದೆ, ರೋಗ ವಾಸಿ ಮಾಡುವುದಿಲ್ಲ. ಮಲಗುವಾಗ ಬಿಚ್ಚಿಡಿ.

*ಶಾಕ್‌ವೇವ್:* 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೂತ್ರಪಿಂಡದ ಕಲ್ಲು ಒಡೆಯಲು ಬಳಸಿದ ತಂತ್ರ ಇದು. ನಂತರ ಮೊಣಕೈಗೂ ತಂದರು. 2005ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

*ಪಿಆರ್‌ಪಿ:* ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಅಂಶವನ್ನು ಮತ್ತೆ ಚುಚ್ಚುವುದು. 2006ರ ನಂತರ ಬಹಳ ಸದ್ದು ಮಾಡಿತು. 2021ರಲ್ಲಿ 30ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ಕಾಕ್ರೇನ್ ಸಂಸ್ಥೆ, ಇದರಿಂದ ಗಮನಾರ್ಹ ಪ್ರಯೋಜನ ಇರಲಿಕ್ಕಿಲ್ಲ ಎಂದಿತು. ಸಾವಿರಾರು ರೂಪಾಯಿ ಸುರಿಯುವ ಮುಂಚೆ ಇದು ಗೊತ್ತಿರಲಿ.

*ವ್ಯಾಯಾಮ:* 1980ರ ದಶಕದಿಂದ ಬೆಳೆದು ಬಂದ ವಿಚಾರ ಇದು. ಸವೆದ ಹುರಿಗೆ ಪೂರ್ತಿ ವಿಶ್ರಾಂತಿ ಕೊಡುವ ಬದಲು ನಿಧಾನವಾಗಿ ಭಾರ ಕೊಟ್ಟು ಗಟ್ಟಿ ಮಾಡುವುದು. ಮುಂಗೈಯನ್ನು ಮೇಜಿನ ಮೇಲೆ ಅಂಗೈ ಕೆಳಮುಖವಾಗಿ ಇಡಿ, ಹಸ್ತ ಮಾತ್ರ ಅಂಚಿನಿಂದ ಹೊರಗಿರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಹಸ್ತ ಮೇಲೆತ್ತಿ, ನಂತರ ನೋಯುವ ಕೈಯೊಂದರಿಂದಲೇ ನಿಧಾನವಾಗಿ ಇಳಿಸಿ. ತುಂಬಾ ನೋವಾದರೆ ನೀರು ಕಡಿಮೆ ಮಾಡಿ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಂಡರೆ ಉತ್ತಮ. ವಾರಗಟ್ಟಲೆ ಬಿಡದೆ ಮಾಡಬೇಕು.

ಕಾಯಲು ಯಾರಿಗೆ ಪುರುಸೊತ್ತು?

ಕಷ್ಟ ಇರುವುದೇ ಇಲ್ಲಿ. ಕೂಲಿಗೆ ಹೋಗುವವರಿಗೆ ನಾಳೆಯೇ ಕೈ ಆಡಬೇಕು. ಆರು ವಾರದಲ್ಲಿ ಶೇ. 92 ಎನ್ನುವ ಇಂಜೆಕ್ಷನ್ ಬಿಟ್ಟು ಒಂದು ವರ್ಷದ ಮಾತು ಕೇಳುವುದು ಸುಲಭವಲ್ಲ. ಅಡಿಕೆ ಸುಗ್ಗಿ ನಮಗಾಗಿ ನಿಲ್ಲುವುದಿಲ್ಲ. ಆದರೆ ನೋವು ಸತ್ತ ಕೈಯಲ್ಲಿ ಮೊದಲಿನಷ್ಟೇ ಭಾರ ಎತ್ತುತ್ತೇವೆ, ಒಳಗಿನ ಹುರಿ ಮಾತ್ರ ಹಾಗೇ ಇರುತ್ತದೆ. ನೋವು ಮರಳುತ್ತದೆ, ಮತ್ತೊಂದು ಇಂಜೆಕ್ಷನ್, ಮತ್ತೊಂದು. ಪದೇ ಪದೇ ಚುಚ್ಚಿದರೆ ಹುರಿ ಇನ್ನಷ್ಟು ದುರ್ಬಲವಾಗುವ ಅಪಾಯವಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ. ಇದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಕೆಲಸ ಪೂರ್ತಿ ಬಿಡಲಾಗದಿದ್ದರೂ ಬದಲಿಸಬಹುದು. ಭಾರವನ್ನು ಅಂಗೈ ಮೇಲ್ಮುಖ ಮಾಡಿ, ಮೈಗೆ ಹತ್ತಿರ ಹಿಡಿದು ಎತ್ತಿ. ಹತ್ಯಾರದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಹಾಲು ಕರೆಯುವುದು, ಬಟ್ಟೆ ಹಿಂಡುವುದನ್ನು ಮನೆಯ ಇನ್ನೊಬ್ಬರು ಕೆಲ ತಿಂಗಳು ಹಂಚಿಕೊಳ್ಳಲಿ. ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ.

ಜ್ವರ, ಕೆಂಪಾಗಿ ಊದಿಕೊಳ್ಳುವುದು, ಬೆರಳು ಜೋಮು ಹಿಡಿಯುವುದು, ಬಿದ್ದ ಮೇಲೆ ಕೈ ನೇರವಾಗದಿರುವುದು ಇದ್ದರೆ ಅದು ಬೇರೆ ತೊಂದರೆ ಇರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ.

ಉಳಿದಂತೆ, ಮುಂದಿನ ಸಲ ಯಾರಾದರೂ ಮೊಣಕೈಗೆ ಸೂಜಿ ಹಿಡಿದಾಗ ಒಂದು ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದು ಸ್ಟೀರಾಯ್ಡಾ? ಒಂದು ವರ್ಷ ಆದ ಮೇಲೆ ನನ್ನ ಕೈ ಹೇಗಿರುತ್ತೆ?" ಕೇಳುವ ಹಕ್ಕು ನಿಮಗಿದೆ.