ಅಕ್ಕೋರು ಬಂದರು, ಭೌತಶಾಸ್ತ್ರ ಬರಲಿಲ್ಲ

ಇಂದಿನ ಗದಗ ಜಿಲ್ಲೆಯ ಊರುಗಳಲ್ಲಿ ಗದಗ, ಮುಂಡರಗಿ ಸ್ವಾತಂತ್ರ್ಯದವರೆಗೂ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಆಳುವವರು ಬೇರೆಬೇರೆಯಾದರೂ ಹೆಣ್ಣುಮಕ್ಕಳ ಓದಿಗಿದ್ದ ತೊಡಕು ಒಂದೇ: ಕಲಿಸಲು ಹೆಂಗಸರಿರಲಿಲ್ಲ. 1841ರಲ್ಲೇ ಬಾಸೆಲ್ ಮಿಷನ್ ಬೆಟಗೇರಿಗೆ ಬಂದಿತ್ತು. ಆದರೆ ಶಾಲೆ ತೆರೆದ ಮಾತ್ರಕ್ಕೆ ಮನೆಮನೆಯ ಹುಡುಗಿಯರು ಬರುವ ಕಾಲ ಅದಲ್ಲ. 1882ರ ಹಂಟರ್ ಶಿಕ್ಷಣ ಆಯೋಗ ಶಿಕ್ಷಕಿಯರ ತರಬೇತಿಗೆ ಒತ್ತು ಕೊಟ್ಟಿತು. ಮುಂದೆ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದವರು ಕನ್ನಡ ಶಾಲೆಗಳಿಗೆ ಅಕ್ಕೋರಾಗಿ ಬಂದರು. ಪಗಾರವೂ ಮರ್ಯಾದೆಯೂ ಇರುವ ಕೆಲಸ ಊರಲ್ಲೇ ಕಂಡಾಗ, ಹೆಣ್ಣಿಗೆ ಓದು ಯಾಕೆ ಎಂಬ ಪ್ರಶ್ನೆ ಮೆತ್ತಗಾಯಿತು. ಆದರೆ ಈ ದಾರಿ ಪ್ರಾಥಮಿಕ ಶಾಲೆಗೇ ಮುಗಿಯುತ್ತಿತ್ತು. ಭೌತಶಾಸ್ತ್ರ ಕಲಿಸಲು ಬಿ.ಎಸ್ಸಿ. ಬೇಕು, ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ್ದೇ 1917ರಲ್ಲಿ.

ಪ್ರತಿಭೆ ಇದ್ದವರು ಹೇಗೂ ಮೇಲೆ ಬರುತ್ತಾರೆ ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದ ವಿಜ್ಞಾನಿ ಅನ್ನಾ ಮಣಿ ಮೇಲೆ ಬಂದರು, ನಿಜ. ಆದರೆ ಎಂ.ಎಸ್ಸಿ. ಇಲ್ಲವೆಂದು ಅವರ ಪ್ರಬಂಧಕ್ಕೆ ಪಿಎಚ್.ಡಿ. ದಕ್ಕಲಿಲ್ಲ. ಅಂಥವರಿಗೇ ಹೀಗಾದರೆ, ಸಾಧಾರಣ ಮನೆಯ ಜಾಣ ಹುಡುಗಿ ಯಾವ ಧೈರ್ಯದಿಂದ ಹೊರಟಾಳು? ಇನ್ನು ಹುಡುಗಿಯರಿಗೆ ಜೀವಶಾಸ್ತ್ರವೇ ಇಷ್ಟ ಎಂಬ ವಾದ. ಬ್ರಿಟನ್ನಿನ ಭೌತಶಾಸ್ತ್ರ ಸಂಸ್ಥೆಯ 2012ರ ವರದಿಯ ಪ್ರಕಾರ, ಅಲ್ಲಿನ ಹುಡುಗ ಹುಡುಗಿಯರು ಕೂಡಿ ಓದುವ ಸರಕಾರಿ ಶಾಲೆಗಳ ಪೈಕಿ ಸುಮಾರು ಅರ್ಧದಷ್ಟರಿಂದ ಒಬ್ಬ ಹುಡುಗಿಯೂ ನಮ್ಮ ಪಿಯುಸಿ ಮಟ್ಟದ ಎ-ಲೆವೆಲ್ ಭೌತಶಾಸ್ತ್ರಕ್ಕೆ ಹೋಗಿರಲಿಲ್ಲ. ಹುಡುಗಿಯರಷ್ಟೇ ಇರುವ ಶಾಲೆಗಳಿಂದ ಹೋಗುವವರ ಪಾಲು ಹೆಚ್ಚಿತ್ತು. ಹುಟ್ಟುಗುಣವಾಗಿದ್ದರೆ ಅದು ಶಾಲೆಯಿಂದ ಶಾಲೆಗೆ ಬದಲಾಗುತ್ತಿರಲಿಲ್ಲ.

ಶಾಲೆಯೇ ಕಾರಣ ಎಂದಾದರೆ, ಅಲ್ಲಿ ಶಿಕ್ಷಕಿಯರ ಸಂಖ್ಯೆ ಹೆಚ್ಚಿಸಿದರೆ ಸಾಕೇ? ಸಾಲದು. ನಮ್ಮ ಪ್ರೌಢಶಾಲೆಗಳಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂದು ಹುದ್ದೆಗಳೇ ಬೇರೆ. ಪಿಸಿಎಂನವರು ಗಣಿತಕ್ಕೇ ಮೀಸಲಾದ ಕಡೆ ವಿದ್ಯುತ್ತು, ಬೆಳಕಿನ ಪಾಠ ಜೀವಶಾಸ್ತ್ರ ಓದಿದವರ ಪಾಲಿಗೆ ಬರುತ್ತದೆ. ವಿಷಯಕ್ಕೆ ತಾವೇ ಅಂಜುವವರು, ಗಂಡಸರಿರಲಿ ಹೆಂಗಸರಿರಲಿ, ಪಾಠದ ಜೊತೆ ಅಂಜಿಕೆಯನ್ನೂ ಕಲಿಸುತ್ತಾರೆ. ಆದ್ದರಿಂದ ಈಗಿರುವವರಿಗೆ ತಂತಿ, ಮಸೂರ ಕೈಗೆತ್ತಿಕೊಂಡು ಕಲಿಯುವ ತರಬೇತಿ ಬೇಕು. ಪಿಸಿಎಂ ಓದಿದ ಹುಡುಗಿಯರು ಎಂಜಿನಿಯರಿಂಗಿಗೆ ಹೋಗುತ್ತಾರೆ, ಮಾಸ್ತರಿಕೆಗೆ ಯಾರು ಬರುತ್ತಾರೆ ಎನ್ನುವುದು ಗಟ್ಟಿಯಾದ ಆಕ್ಷೇಪ. ಅದಕ್ಕೆ ಒಂದು ದಾರಿ ಈಗಾಗಲೇ ಇದೆ: ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲೇ ಆರಂಭವಾಗಿದೆ. ವಿಜ್ಞಾನವನ್ನೂ ಬೋಧನೆಯನ್ನೂ ನಾಲ್ಕು ವರ್ಷಗಳ ಒಂದೇ ಪದವಿಯಲ್ಲಿ ಕಲಿಸುತ್ತದೆ. ಆದರೆ ಶಿರಹಟ್ಟಿಯ ತಂದೆತಾಯಿಗೆ ಮೈಸೂರು ದೂರ, ಖರ್ಚೂ ಹೆಚ್ಚು. ಅಂಥದೇ ಪದವಿ, ವಸತಿ ಮತ್ತು ವಿದ್ಯಾರ್ಥಿವೇತನದೊಂದಿಗೆ ಗದಗಿನಲ್ಲೇ ಸಿಕ್ಕರೆ ಲೆಕ್ಕ ಬದಲಾಗುತ್ತದೆ. ಕನ್ನಡ ಶಾಲೆಗೆ ಅಕ್ಕೋರನ್ನು ತಂದದ್ದು ಉಪದೇಶವಲ್ಲ, ಏರ್ಪಾಡು. ಪ್ರೌಢಶಾಲೆಗೂ ಬೇಕಾದದ್ದು ಅದೇ.