ಅಂಬೆಗಾಲಿಗೊಂದು ಚರಿತ್ರೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಸ್ವಲ್ಪ ತಡೆದು, "ಮೇಷ್ಟ್ರೇ, ಪಾಪುವಿಗೆ ಹತ್ತು ತಿಂಗಳು ತುಂಬಿತು. ಚೆನ್ನಾಗಿ ಕೂರುತ್ತಾಳೆ, ಮಂಚ ಹಿಡಿದು ನಿಲ್ಲುತ್ತಾಳೆ. ಆದರೆ ಅಂಬೆಗಾಲೇ ಇಡಲಿಲ್ಲ. ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ" ಎಂದಳು. ದನಿ ಅಳುವಿನ ಅಂಚಿನಲ್ಲಿತ್ತು. ನಾನು ವೈದ್ಯನಲ್ಲ. ಆದರೆ ಇಂಥದೇ ಪ್ರಶ್ನೆ ಒಮ್ಮೆ ನಮ್ಮ ಮನೆಯಲ್ಲಿಯೂ ಎದ್ದಿತ್ತು. ಆಗ ನಾನು ನಡೆದುಕೊಂಡ ರೀತಿ ಸರಿಯಿರಲಿಲ್ಲ. ಆ ಕಾರಣದಿಂದಲೇ ಈ ತಿಂಗಳ ಲೆಕ್ಕ ಎಲ್ಲಿಂದ ಬಂತೆಂಬುದನ್ನು ಬರೆಯಬೇಕೆನಿಸಿತು.

ಮಗುವಿನ ಮೊದಲ ವರ್ಷಕ್ಕೆ ನಮ್ಮ ಹಿರಿಯರ ಮಾತಿನಲ್ಲಿ ಒಂದು ಕ್ರಮವಿತ್ತು. ಕತ್ತು ನಿಲ್ಲುವುದು, ಬೋರಲು ಬೀಳುವುದು, ತೆವಳುವುದು, ಅಂಬೆಗಾಲಿಡುವುದು, ಹೊಸ್ತಿಲು ದಾಟುವುದು, ತಪ್ಪುಹೆಜ್ಜೆ ಇಡುವುದು. ನಮ್ಮ ಅಜ್ಜಿ ಮಗು ಹೊಸ್ತಿಲು ದಾಟಿದ ದಿನ ಅಲ್ಲಿಯೇ ತೆಂಗಿನಕಾಯಿ ಒಡೆಸುತ್ತಿದ್ದರು. ಅದು ಎಷ್ಟನೆಯ ತಿಂಗಳೆಂದು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟವರಲ್ಲ.

ಬರೆದಿಡುವ ಪದ್ಧತಿಯನ್ನು ಯುರೋಪಿನಲ್ಲಿ ಬೆಳೆಸಿದವರು ಮಕ್ಕಳ ತಂದೆಯರು. ಜರ್ಮನಿಯ ತತ್ತ್ವಶಾಸ್ತ್ರಜ್ಞ ಡೀಟ್ರಿಶ್ ಟೀಡೆಮಾನ್ ತನ್ನ ಮಗನ ಬೆಳವಣಿಗೆಯ ಟಿಪ್ಪಣಿಗಳನ್ನು 1787ರಲ್ಲಿ ಪ್ರಕಟಿಸಿದನು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನಿಗೆ 1839ರ ಡಿಸೆಂಬರಿನಲ್ಲಿ ಚೊಚ್ಚಲ ಮಗ ವಿಲಿಯಂ ಹುಟ್ಟಿದಾಗ ಅವನೂ ದಿನಚರಿ ಹಿಡಿದು ಕುಳಿತನು. ಏಳನೆಯ ದಿನ ಮಗುವಿನ ಬರಿಯ ಅಂಗಾಲಿಗೆ ಕಾಗದದ ಚೂರು ತಾಗಿಸಿದರೆ ಅದು ಕಾಲನ್ನು ಸೆಳೆದುಕೊಂಡಿತೆಂದೂ, ಒಂಬತ್ತನೆಯ ದಿನ ಮೇಣದ ಬತ್ತಿಯ ಮೇಲೆ ದೃಷ್ಟಿ ನೆಟ್ಟಿತೆಂದೂ ಬರೆದುಕೊಂಡನು. ಆ ದಿನಚರಿಯ ಆಧಾರದ ಮೇಲೆ ಅವನ ಲೇಖನ ಅಚ್ಚಾದದ್ದು 1877ರಲ್ಲಿ. 1882ರಲ್ಲಿ ವಿಲ್ಹೆಲ್ಮ್ ಪ್ರೈಯರ್ ತನ್ನ ಮಗನನ್ನು ಕುರಿತು, 1900ರಲ್ಲಿ ಅಮೆರಿಕೆಯ ಮಿಲಿಸೆಂಟ್ ಶಿನ್ ಎಂಬಾಕೆ ತನ್ನ ಸೋದರನ ಮಗಳನ್ನು ಕುರಿತು ಗ್ರಂಥಗಳನ್ನು ಬರೆದರು. ಇವೆಲ್ಲವೂ ಒಂದೊಂದು ಮಗುವಿನ ಕಥೆಗಳು. ಪ್ರೀತಿಯೂ ಕುತೂಹಲವೂ ಬರೆಯಿಸಿದಂಥವು. ಬೇರೆ ಮಕ್ಕಳನ್ನು ಅಳೆಯುವ ಕೋಲುಗಳಲ್ಲ.

ಅಳತೆಗೋಲು ಸಿದ್ಧವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ 1911ರಲ್ಲಿ ಮಕ್ಕಳ ಅಧ್ಯಯನ ಕೇಂದ್ರವೊಂದನ್ನು ಆರಂಭಿಸಿದನು. ಗುಮ್ಮಟದಂಥ ಕೋಣೆಯಲ್ಲಿ ಶಿಶುಗಳನ್ನಿಟ್ಟು ಅವುಗಳ ಚಲನವಲನವನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಯಾವ ವಯಸ್ಸಿಗೆ ಯಾವ ಕೌಶಲವೆಂದು ಪಟ್ಟಿಗಳನ್ನು ರಚಿಸಿದನು. 1929ರಲ್ಲಿ ಅವನೂ ಹೆಲೆನ್ ಥಾಂಪ್ಸನ್ನಳೂ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ತದ್ರೂಪಿ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ 46ನೆಯ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಸಿದರು. ಇನ್ನೊಬ್ಬಳಿಗೆ 53ನೆಯ ವಾರದಿಂದ ಎರಡೇ ವಾರ. ತಡವಾಗಿ ತೊಡಗಿದವಳು ಆ ಎರಡು ವಾರಗಳಲ್ಲಿಯೇ ಅಕ್ಕತಂಗಿಯರ ನಡುವಣ ಅಂತರವನ್ನು ಬಹುಪಾಲು ಅಳಿಸಿಬಿಟ್ಟಳು. ದೇಹ ಪಕ್ವವಾಗದೆ ಕಲಿಸುವ ಅವಸರ ವ್ಯರ್ಥವೆಂಬುದು ಗೆಸೆಲ್ಲನ ತೀರ್ಮಾನ. ಆದರೆ ಜನರು ಆ ಮಾತನ್ನು ಮರೆತು ಅವನ ಪಟ್ಟಿಗಳನ್ನು ಮಾತ್ರ ನೆನಪಿಟ್ಟುಕೊಂಡರು. ಅವನು ನೋಡಿದ್ದು ಹೆಚ್ಚಾಗಿ ನ್ಯೂ ಹೇವನ್ ನಗರದ ಮಧ್ಯಮ ವರ್ಗದ ಬಿಳಿಯರ ಮಕ್ಕಳನ್ನು ಎಂಬುದೂ ಮರೆತುಹೋಯಿತು.

ಹಾಗೆ ಮರೆತವರಲ್ಲಿ ನಾನೂ ಒಬ್ಬ. ನಮ್ಮ ಮಗ ಹನ್ನೊಂದನೆಯ ತಿಂಗಳಲ್ಲಿಯೇ ನಡೆದಿದ್ದನು. 1978ರಲ್ಲಿ ಹುಟ್ಟಿದ ಮಗಳು ವರ್ಷ ತುಂಬಿದರೂ ನಡೆಯಲಿಲ್ಲ. ಯಾವುದೋ ಇಂಗ್ಲಿಷ್ ಪುಸ್ತಕದ ಕೊನೆಯಲ್ಲಿ 'ನಡಿಗೆ: 12 ತಿಂಗಳು' ಎಂಬ ಸಾಲನ್ನು ಓದಿ, ಪರೀಕ್ಷೆಯ ಫಲಿತಾಂಶ ಓದುವವನಂತೆ ಮನೆಯಲ್ಲಿ ಓದಿ ಹೇಳಿದೆ. ಅಂದಿನಿಂದ ನನ್ನ ಹೆಂಡತಿಗೆ ನೆಮ್ಮದಿಯಿಲ್ಲದಾಯಿತು. ಎಣ್ಣೆ ಸರಿಯಾಗಿ ತಿಕ್ಕಲಿಲ್ಲವೆಂದರು ಒಬ್ಬರು, ಸದಾ ಸೊಂಟದ ಮೇಲೇ ಹೊತ್ತಿರುತ್ತಾಳೆಂದರು ಇನ್ನೊಬ್ಬರು. ಬಡಗಿಯಿಂದ ಮೂರು ಚಕ್ರದ ತಳ್ಳುಗಾಡಿ ಮಾಡಿಸಿ ತಂದೆ; ಮಗು ಅದರ ಚಕ್ರವನ್ನು ತಿರುಗಿಸುತ್ತ ಕುಳಿತಿತು. ಏಳನೆಯ ತರಗತಿಗೆ ಸರಾಸರಿಯ ಲೆಕ್ಕ ಹೇಳಿಕೊಡುತ್ತಿದ್ದವನು ನಾನು. ಸರಾಸರಿ ಎಂದರೆ ಸುಮಾರು ಅರ್ಧದಷ್ಟು ಮಕ್ಕಳು ಅದಕ್ಕಿಂತ ತಡವಾಗಿ ನಡೆಯುತ್ತಾರೆಂಬ ಸರಳ ಸಂಗತಿ ನನ್ನ ಮಗಳ ವಿಷಯದಲ್ಲಿ ಹೊಳೆಯಲಿಲ್ಲ. ಹದಿನಾರನೆಯ ತಿಂಗಳ ಒಂದು ಮಧ್ಯಾಹ್ನ ಅವಳು ಕಂಬ ಬಿಟ್ಟು ನಡುಮನೆಯ ಉದ್ದಕ್ಕೂ ನಡೆದಳಂತೆ. ಆಗ ನಾನು ಶಾಲೆಯಲ್ಲಿದ್ದೆ.

ಇಡೀ ಪ್ರಪಂಚಕ್ಕೆ ಒಂದೇ ಗಡಿಯಾರವಿಲ್ಲವೆಂಬುದನ್ನು ಮುಂದಿನ ಸಂಶೋಧನೆಗಳು ತೋರಿಸಿಕೊಟ್ಟವು. ಕೀನ್ಯಾದ ಕಿಪ್ಸಿಗಿಸ್ ಜನರಲ್ಲಿ ತಾಯಂದಿರು ಶಿಶುಗಳಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಕಲಿಸುತ್ತಾರೆಂದು ಚಾರ್ಲ್ಸ್ ಸೂಪರ್ 1976ರಲ್ಲಿ ಬರೆದನು. ಆ ಮಕ್ಕಳು ಕೂರುವುದರಲ್ಲಿ, ನಡೆಯುವುದರಲ್ಲಿ ಅಮೆರಿಕೆಯ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂದಿದ್ದರು. ಯಾರೂ ಕಲಿಸದ ಅಂಬೆಗಾಲಿನಲ್ಲಿ ಮುಂದಿರಲಿಲ್ಲ. ಅಂದರೆ ಗೆಸೆಲ್ ಹೇಳಿದ ಪಕ್ವತೆಯ ಜೊತೆಗೆ ಸಾಕುವ ರೀತಿಯೂ ಸೇರುತ್ತದೆ.

ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಓಮಾನ್, ಅಮೆರಿಕಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಹೊಸ ಲೆಕ್ಕವನ್ನು ಮುಂದಿಟ್ಟಿತು. ನಮ್ಮ ದೇಶದ ಮಕ್ಕಳು ದೆಹಲಿಯವರು. ಅದರಲ್ಲಿ ಒಂದೊಂದು ಕೌಶಲಕ್ಕೂ ಒಂದು ತಿಂಗಳಲ್ಲ, ಒಂದು ಅವಧಿಯನ್ನೇ ಹೇಳಿದೆ. ಆಸರೆಯಿಲ್ಲದೆ ಕೂರಲು 3.8ರಿಂದ 9.2 ತಿಂಗಳು, ಅಂಬೆಗಾಲಿಗೆ 5.2ರಿಂದ 13.5, ತಾನೇ ನಡೆಯಲು 8.2ರಿಂದ 17.6. ಅಷ್ಟೇ ಅಲ್ಲ, ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಗೈ ಮೊಣಕಾಲೂರಿ ಅಂಬೆಗಾಲಿಡದೆಯೇ ಮುಂದಿನ ಹಂತಗಳಿಗೆ ಹೋದರು. 2022ರಲ್ಲಿ ಅಮೆರಿಕೆಯ ರೋಗ ನಿಯಂತ್ರಣ ಕೇಂದ್ರವು ತನ್ನ ಪಟ್ಟಿಯನ್ನು ಪರಿಷ್ಕರಿಸಿದಾಗ ಅಂಬೆಗಾಲನ್ನು ಅದರಿಂದ ಕೈಬಿಟ್ಟಿತು.

ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದೆ. ಅವಧಿ ವಿಶಾಲವಾಗಿದೆಯೆಂದು ಅದಕ್ಕೆ ಕೊನೆಯೇ ಇಲ್ಲವೆಂದಲ್ಲ. ಅವಧಿ ಮೀರಿದರೂ ಮಗು ಕೂರದಿದ್ದರೆ, ಒಂದೇ ಕಡೆಯ ಕೈಕಾಲನ್ನು ಆಡಿಸುತ್ತಿದ್ದರೆ, ಮೈಯೆಲ್ಲ ಬಿಗಿಯಾಗಿಯೋ ತೀರ ಸಡಿಲವಾಗಿಯೋ ಇದ್ದರೆ, ಕಲಿತದ್ದನ್ನು ಮರೆತರೆ, 'ಅವರ ಅಜ್ಜನೂ ಹಾಗೆಯೇ ಇದ್ದ' ಎನ್ನುತ್ತ ಕಾಯಬಾರದು. ಮಕ್ಕಳ ವೈದ್ಯರಿಗೆ ತೋರಿಸಬೇಕು. ಬೇಗ ಗುರುತಿಸಿದಷ್ಟೂ ಮಗುವಿಗೆ ನೆರವು ಬೇಗ ದೊರೆಯುತ್ತದೆ. "ಮುಂದಿನ ಲಸಿಕೆಯ ದಿನ ನಿನ್ನ ಅನುಮಾನವನ್ನೂ ಕೇಳಿಬಿಡಮ್ಮ, ಆಮೇಲೆ ಬಂದವರ ಪ್ರಶ್ನೆಗೆ ಉತ್ತರಿಸುವ ಹೊಣೆ ನಿನಗಿರುವುದಿಲ್ಲ" ಎಂದೆ.

ಇದನ್ನು ಪ್ರಕಟಿಸುವ ಮೊದಲು ನಮ್ಮ ಮನೆಯಾಕೆಗೆ ಓದಿ ಹೇಳಿದೆ. ತಳ್ಳುಗಾಡಿಯ ಭಾಗ ಬಂದಾಗ ಸೊಪ್ಪು ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿ, "ಅದು ಈಗಲೂ ಅಟ್ಟದ ಮೇಲಿದೆ, ಕಳಿಸಿಕೊಡಬೇಡಿ ಮತ್ತೆ" ಎಂದಳು. ತಪ್ಪಾಯಿತೆಂದು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ, ನಿನ್ನೆ ಹೇಳಿದೆ.