ರೆಕ್ಕೆ ಇಲ್ಲ, ಹಾಡೂ ಇಲ್ಲ: ಜೋಳದ ಮಿಡತೆ ಗುರುತಿಸೋದು ಹೇಗೆ?

ದಾವಣಗೆರೆ: ಹೊಲದಲ್ಲಿ ಮಿಡತೆ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡೋ ಮೊದಲು ಒಂದನ್ನ ಹಿಡಿದು ಬೆನ್ನು ನೋಡಿ. ಹುಲ್ಲಿನ ಬದುಗಳಲ್ಲಿ ಹತ್ತಾರು ಜಾತಿ ಮಿಡತೆ ಇರ್ತವೆ, ಎಲ್ಲವೂ ಬೆಳೆಗೆ ಶತ್ರು ಅಲ್ಲ. ಜೋಳದ ಮಿಡತೆ ಮಾತ್ರ ಹಳೇ ವೈರಿ. ಒಣಭೂಮಿ ಜೋಳದ ಸೀಮೆಯ ಹುಳ ಇದು. ಹಾಗಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಿಂತ ಜಗಳೂರಿನ ರೈತರೇ ಹೆಚ್ಚು ಗಮನ ಕೊಡಬೇಕು.

ವಿಜ್ಞಾನದ ಹೆಸರು ಕೋಲ್ಮೇನಿಯಾ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಕೀಟತಜ್ಞ ಲೆಸ್ಲಿ ಕೋಲ್ಮನ್ ಹೆಸರನ್ನೇ 1910ರಲ್ಲಿ ಇದಕ್ಕಿಟ್ಟರು. ಮರುವರ್ಷ ಕೋಲ್ಮನ್ ಈ ಹುಳದ ಬಗ್ಗೆಯೇ ಪುಸ್ತಿಕೆ ಬರೆದರು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಕಲಿಸಿದವರೂ ಇವರೇ, ಚನ್ನಗಿರಿ ತೋಟದವರಿಗೆ ಗೊತ್ತಿರಲಿ.

ಗುರುತು ಏನು? ಮುಂದಕ್ಕೆ ಚೂಪಾದ ತಲೆ, ದಪ್ಪ ಮೈ, ಬೆಳೆದು ದೊಡ್ಡದಾದರೂ ಹಾರೋ ರೆಕ್ಕೆ ಇರಲ್ಲ. ಆದ್ರೆ ಜೂನ್-ಜುಲೈನಲ್ಲಿ ರೆಕ್ಕೆ ಇಲ್ಲ ಅಂತ ತೀರ್ಮಾನಕ್ಕೆ ಬರಬೇಡಿ, ಯಾವ ಮಿಡತೆ ಮರಿಗೂ ಆಗ ಪೂರ್ತಿ ರೆಕ್ಕೆ ಬಂದಿರಲ್ಲ. ಮಳೆಗಾಲದ ಕೊನೆಗೆ, ಜೋಡಿಯಾಗಿ ಕೂತಾಗಲೂ ರೆಕ್ಕೆ ಇಲ್ಲದಿದ್ರೆ ಅನುಮಾನ ಗಟ್ಟಿ. ಕಡ್ಡಿಯಂಥ ಸಣಕಲು ಜಾತಿಯೊಂದಕ್ಕೂ ರೆಕ್ಕೆ ಇಲ್ಲ, ಮೈ ದಪ್ಪ ನೋಡಿ ಬೇರೆ ಮಾಡಿ. ಎಕ್ಕದ ಗಿಡದಲ್ಲಿರೋ ಹಳದಿ-ನೀಲಿ ಪಟ್ಟೆಯದ್ದು ಇದಲ್ಲ.

ಇನ್ನು ಸದ್ದು. ಹಾಡೋ ಮಿಡತೆಗಳು ಹಿಂಗಾಲನ್ನ ರೆಕ್ಕೆಗೆ ಉಜ್ಜಿ ಹಗಲಲ್ಲಿ ಸರಸರ ಅಂತವೆ. ಜೋಳದ ಮಿಡತೆಗೆ ಉಜ್ಜೋಕೆ ರೆಕ್ಕೆಯೇ ಇಲ್ಲ, ಆ ಹಾಡೂ ಇಲ್ಲ. ರಾತ್ರಿ ಬದುವಿನಲ್ಲಿ ಚಿರ್ ಚಿರ್ ಅನ್ನೋದು ಕ್ರಿಕೆಟ್ ಹುಳ, ಇಲ್ಲವೇ ಉದ್ದ ಮೀಸೆಯ ಎಲೆಮಿಡತೆ. ಅವು ಎರಡು ರೆಕ್ಕೆ ಒಂದಕ್ಕೊಂದು ತಿಕ್ಕಿ ಹಾಡ್ತವೆ, ಮೀಸೆ ಮೈಗಿಂತ ಉದ್ದ. ಜೋಳದ ಮಿಡತೆ ಮೀಸೆ ಗಿಡ್ಡ. ಹಾಡು ಸಣ್ಣ ಗುರುತಲ್ಲ: ನೋಡೋಕೆ ಒಂದೇ ಥರ ಇರೋ ಎಲೆಮಿಡತೆಗಳಲ್ಲಿ ಐದು ಬಗೆ ಹಾಡು ಇದೆ ಅಂತ ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು 2006ರಲ್ಲೇ ಬರೆದಿದ್ದಾರೆ.

ಸರಿಯಾಗಿ ಗುರುತಿಸಿದ್ರೆ ಖರ್ಚು ಉಳಿಯುತ್ತೆ. ಈ ಹುಳ ಹಾರಲ್ಲ, ಕುಪ್ಪಳಿಸಿಯೇ ಪಕ್ಕದ ಹೊಲಕ್ಕೆ ಹೋಗಬೇಕು. ವರ್ಷಕ್ಕೆ ಒಂದೇ ಪೀಳಿಗೆ. ಮೊಟ್ಟೆ ಮಣ್ಣೊಳಗೆ ಬೇಸಿಗೆ ಕಳೆದು ಮುಂಗಾರಿಗೆ ಒಡೆಯುತ್ತೆ. ಕೊಯ್ಲಾದ ಮೇಲೆ ಆಳವಾಗಿ ಉಳುಮೆ ಮಾಡಿದ್ರೆ ಮೊಟ್ಟೆ ಮೇಲೆ ಬಂದು ಬಿಸಿಲಿಗೆ, ಹಕ್ಕಿಗಳಿಗೆ ಸಿಗುತ್ತೆ. ಅನುಮಾನ ಇದ್ರೆ ಹುಳವನ್ನ ಡಬ್ಬಿಯಲ್ಲಿ ಹಾಕ್ಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ.